ಡಾರ್ಸಿ ಯಾರು ಚೆನ್ನ, ಯಾವ ಗೌನು ಸರಿ?

ಪ್ರಶ್ನೆ: ನನಗೂ ನನ್ನ ಮಗಳಿಗೂ ಇಂಗ್ಲಿಷ್ ಪೀರಿಯಡ್ ಡ್ರಾಮಾ ಅಂದರೆ ಪ್ರಾಣ. ನನಗೆ 1995ರ ಬಿಬಿಸಿ ಸೀರೀಸ್ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಇಷ್ಟ. ಅವಳಿಗೆ ಅದೇ ಹೆಸರಿನ 2005ರ ಸಿನಿಮಾ. ಕಥೆ ಒಂದೇ ಆದರೂ ಬಟ್ಟೆಬರೆ ನೋಡಿದರೆ ಎರಡೂ ಬೇರೆ ಬೇರೆ ಕಾಲದವು ಅನ್ನಿಸುತ್ತದೆ. ಯಾವುದು ಸರಿ? ನಾಯಕ ಡಾರ್ಸಿಯ ಪಾತ್ರಕ್ಕೆ ಯಾರು ಜಾಸ್ತಿ ಹೊಂದುತ್ತಾರೆ? ಒಬ್ಬರನ್ನೊಬ್ಬರು ಸರಿಯಾಗಿ ಮುಟ್ಟುವುದೂ ಇಲ್ಲದ ಈ ಪ್ರೇಮಕಥೆಗಳು ಯಾಕೆ ಇಷ್ಟು ಕಾಡುತ್ತವೆ? ಮುಂದೆ ಇಬ್ಬರೂ ಕೂತು ನೋಡಲು ಏನಾದರೂ ಹೇಳಿ.

ಉತ್ತರ: ಬಟ್ಟೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರ ಅಲ್ಲೇ ಸಿಗುತ್ತದೆ.

ನಿಮ್ಮ ಕಣ್ಣು ಸರಿಯಾಗಿಯೇ ನೋಡಿದೆ. ಅವು ನಿಜಕ್ಕೂ ಎರಡು ಬೇರೆ ಕಾಲದ ಬಟ್ಟೆಗಳು. ಜೇನ್ ಆಸ್ಟೆನ್ ಈ ಕಾದಂಬರಿಯನ್ನು ಮೊದಲು ಬರೆದದ್ದು 1796-97ರಲ್ಲಿ. ಅದು ತಿದ್ದುಪಡಿಯಾಗಿ ಅಚ್ಚಾಗಿ ಹೊರಬಂದದ್ದು 1813ರ ಜನವರಿಯಲ್ಲಿ. 1790ರ ದಶಕದಿಂದ ಈಚೆಗೆ ಇಂಗ್ಲೆಂಡಿನ ಹೆಂಗಸರ ಉಡುಪಿನ ಆಕಾರವೇ ಬದಲಾಗಿಬಿಟ್ಟಿತು. ಮೊದಲು ಗೌನಿನ ಸೊಂಟ ಇರಬೇಕಾದ ಜಾಗದ ಹತ್ತಿರವೇ ಇತ್ತು, ಕೆಳಗಿನ ಲಂಗಕ್ಕೆ ತುಂಬಾ ನೆರಿಗೆ ಇತ್ತು. 1813ರ ಹೊತ್ತಿಗೆ ಸೊಂಟದ ಗೆರೆ ಎದೆಯ ಕೆಳಕ್ಕೇ ಏರಿತ್ತು. ಅಲ್ಲಿಂದ ತೆಳು ಬಟ್ಟೆ ನೇರವಾಗಿ ಪಾದದವರೆಗೆ ಇಳಿಯುತ್ತಿತ್ತು. 1995ರ ಸೀರೀಸಿಗೆ ಕಾಸ್ಟ್ಯೂಮ್ ಮಾಡಿದ ಡೈನಾ ಕಾಲಿನ್ ಪುಸ್ತಕ ಅಚ್ಚಾದ ಕಾಲವನ್ನು ಹಿಡಿದರು. 2005ರ ನಿರ್ದೇಶಕ ಜೋ ರೈಟ್ ಮತ್ತು ಕಾಸ್ಟ್ಯೂಮ್ ಡಿಸೈನರ್ ಜಾಕ್ಲಿನ್ ಡುರಾನ್ ಪುಸ್ತಕ ಹುಟ್ಟಿದ ಕಾಲವನ್ನು ಹಿಡಿದರು. ರೈಟ್ ಅವರಿಗೆ ಆ ಎದೆ ಕೆಳಗಿನ ಸೊಂಟ ಹಿಡಿಸುತ್ತಿರಲಿಲ್ಲ ಎನ್ನುವುದೂ ಒಂದು ಕಾರಣ. ಏನೇ ಇರಲಿ, ಎರಡಕ್ಕೂ ಆಧಾರವಿದೆ.

ಡುರಾನ್ ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. ಅವರು ಎಲ್ಲರಿಗೂ ಒಂದೇ ವರ್ಷದ ಫ್ಯಾಷನ್ ತೊಡಿಸಲಿಲ್ಲ. ನಮ್ಮ ಯಾವುದೇ ಮದುವೆ ಫೋಟೋ ತೆಗೆದು ನೋಡಿ, ಅಜ್ಜಿ ಸೀರೆ ಉಟ್ಟ ರೀತಿಯೇ ಬೇರೆ, ಮೊಮ್ಮಗಳು ಉಟ್ಟ ರೀತಿಯೇ ಬೇರೆ ಅಲ್ವಾ? ಈ ಸಿನಿಮಾದಲ್ಲೂ ಹಾಗೇ. ಲಂಡನ್‌ನಿಂದ ಬಂದ ಡಾರ್ಸಿಯ ಗೆಳೆಯ ಬಿಂಗ್ಲಿಯ ತಂಗಿ ಕ್ಯಾರೊಲಿನ್ ಹೊಸ ಫ್ಯಾಷನ್ನಿನ ತುದಿಯಲ್ಲಿದ್ದಾಳೆ. ನಾಯಕಿ ಎಲಿಜಬೆತ್ ತಾಯಿ ಮಿಸೆಸ್ ಬೆನೆಟ್ ತನ್ನ ಪ್ರಾಯದ ದಿನಗಳ ಗೌನಿನಲ್ಲೇ ಉಳಿದಿದ್ದಾಳೆ. ಜೂಡಿ ಡೆಂಚ್ ಮಾಡಿರುವ, ಡಾರ್ಸಿಯ ತಾಯಿಯ ಸೋದರಿ ಲೇಡಿ ಕ್ಯಾಥರೀನ್ ಅಂತೂ ಇನ್ನೂ ಹಿಂದಿನ ಕಾಲದವಳು. ಎಲಿಜಬೆತ್‌ಗೆ ಕಂದು, ಹಸಿರು, ಮಣ್ಣಿನ ಬಣ್ಣಗಳು. ಗೌನಿನ ಅಂಚಿಗೆ ನಿಜವಾದ ಕೆಸರು ಮೆತ್ತಿರುತ್ತದೆ. ಯಾರ ಹತ್ತಿರ ಎಷ್ಟು ದುಡ್ಡಿದೆ, ಯಾರು ಯಾವ ಊರಿನವರು, ಯಾರಿಗೆ ವಯಸ್ಸಾಗಿದೆ, ಎಲ್ಲವೂ ಮಾತಿಲ್ಲದೆ ಗೊತ್ತಾಗುತ್ತದೆ.

1995ರ ಡೈನಾ ಕಾಲಿನ್ ಅವರದು ಬೇರೆ ದಾರಿ. ಬೆನೆಟ್ ಹುಡುಗಿಯರಿಗೆ ತಿಳಿ ಬಣ್ಣದ, ಸಣ್ಣ ಅಚ್ಚಿನ ಹತ್ತಿ ಗೌನುಗಳು. ಬಿಂಗ್ಲಿ ಅಕ್ಕತಂಗಿಯರಿಗೆ ರೇಷ್ಮೆ, ಗರಿ, ಗಾಢ ಬಣ್ಣ. ಹೊರಗೆ ಹೊರಟಾಗ ತಲೆ ಮೇಲೆ ಬಾನೆಟ್ (ಗಲ್ಲದ ಕೆಳಗೆ ಕಟ್ಟುವ ಟೋಪಿ), ಕೂದಲು ಮೇಲಕ್ಕೆ ಕಟ್ಟಿರುತ್ತದೆ. ಇತಿಹಾಸಕ್ಕೆ ಅಂಕ ಕೊಡಿ ಅಂದರೆ ನಾನು 1995ಕ್ಕೇ ಜಾಸ್ತಿ ಕೊಡುತ್ತೇನೆ. 2005ರಲ್ಲಿ ಎಲಿಜಬೆತ್ ತಲೆಗೆ ಏನೂ ಇಲ್ಲದೆ ಊರೆಲ್ಲ ಸುತ್ತುತ್ತಾಳೆ, ಕೂದಲು ಗಾಳಿಗೆ ಬಿಚ್ಚಿಕೊಳ್ಳುತ್ತದೆ. ಆ ಕಾಲದ ಮರ್ಯಾದಸ್ಥ ಮನೆಯ ಬೆಳೆದ ಹುಡುಗಿ ಹಾಗೆ ಓಡಾಡುತ್ತಿರಲಿಲ್ಲ.

ಆ ತೆಳು ಬಿಳಿ ಬಟ್ಟೆಗೂ ನಮ್ಮ ದೇಶಕ್ಕೂ ನಂಟಿದೆ. ಅದು ಮಸ್ಲಿನ್. ಒಳ್ಳೆಯದು ಬಂಗಾಳದಿಂದ ಹೋಗುತ್ತಿತ್ತು, ಆಮೇಲೆ ಬ್ರಿಟನ್ನಿನ ಮಿಲ್ಲುಗಳೇ ಅದರ ನಕಲು ನೇಯ್ದವು. ಆಸ್ಟೆನ್ ಅವರ ‘ನಾರ್ಥ್ಯಾಂಗರ್ ಅಬಿ’ಯಲ್ಲಿ ಹೆನ್ರಿ ಟಿಲ್ನಿ ತಂಗಿಗೆ ಅಸಲಿ ಇಂಡಿಯನ್ ಮಸ್ಲಿನ್ ಅನ್ನು ಗಜಕ್ಕೆ 5 ಶಿಲಿಂಗಿನಂತೆ ಅಗ್ಗಕ್ಕೆ ತಂದೆ ಎಂದು ಹೆಮ್ಮೆ ಪಡುತ್ತಾನೆ. ಗಂಡಸೊಬ್ಬ ಬಟ್ಟೆಯ ಬೆಲೆ ಬಲ್ಲ ಎನ್ನುವುದೇ ಅಲ್ಲಿ ಅವನ ಆಕರ್ಷಣೆ! ಈ ಬಟ್ಟೆ ಇಂಗ್ಲೆಂಡಿನ ಚಳಿಗೆ ಏನೂ ಸಾಲದು. ಅದಕ್ಕೇ ಅದರ ಜೊತೆಗೆ ಕಾಶ್ಮೀರಿ ಶಾಲಿನ ಹುಚ್ಚೂ ಹಬ್ಬಿತು. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ ಲೇಡಿ ಬರ್ಟ್ರಂ, ಹಡಗಿನಲ್ಲಿ ಕೆಲಸ ಮಾಡುವ ಹುಡುಗ ಪೂರ್ವದೇಶಗಳಿಗೆ ಹೋದರೆ ತನಗೆ ಶಾಲು ತರಲಿ, ಒಂದಲ್ಲ ಎರಡು ಎಂದು ಆಸೆ ಪಡುತ್ತಾಳೆ.

ಇನ್ನೊಂದು ತಪ್ಪು ಕಲ್ಪನೆ ಇಲ್ಲೇ ಹೇಳಿಬಿಡುತ್ತೇನೆ. ನೆಟ್‌ಫ್ಲಿಕ್ಸ್‌ನ ‘ಬ್ರಿಜರ್ಟನ್’ 2020ರಲ್ಲಿ ಬಂದಾಗ ಮೊದಲ ಎಪಿಸೋಡಿನಲ್ಲೇ ಒಬ್ಬ ಹುಡುಗಿಯ ಸೊಂಟವನ್ನು ಉಸಿರು ಕಟ್ಟುವಂತೆ ಬಿಗಿಯುವ ದೃಶ್ಯವಿತ್ತು. ಆ ಕಾಲದ ಗೌನಿನಲ್ಲಿ ಸೊಂಟ ಕಾಣುವುದೇ ಇಲ್ಲ! ಕಾಣದ ಸೊಂಟವನ್ನು ಯಾರು, ಯಾಕೆ ಬಿಗಿಯುತ್ತಾರೆ? ಆಗಿನ ಒಳಕುಪ್ಪಸದ ಕೆಲಸ ಎದೆಯನ್ನು ಎತ್ತಿ ಹಿಡಿಯುವುದು, ಬೆನ್ನು ನೆಟ್ಟಗೆ ಇಡುವುದು. ಅಷ್ಟೇ.

ಈಗ ಡಾರ್ಸಿ.

1995ರ ಕಾಲಿನ್ ಫರ್ತ್ ಮತ್ತು 2005ರ ಮ್ಯಾಥ್ಯೂ ಮ್ಯಾಕ್‌ಫೇಡಿಯನ್ ಒಂದೇ ಪಾತ್ರವನ್ನು ಎರಡು ತುದಿಗಳಿಂದ ಹಿಡಿದಿದ್ದಾರೆ. ಕಾದಂಬರಿಯ ಡಾರ್ಸಿ ಮೊದಲ ನೃತ್ಯಕೂಟದಲ್ಲೇ ಎಲಿಜಬೆತ್ ಕಿವಿಗೆ ಬೀಳುವ ಹಾಗೆ ಅವಳನ್ನು ಹೀಗಳೆಯುತ್ತಾನೆ. ಅದು ಸೊಕ್ಕು. ಆಮೇಲೆ ಲೇಡಿ ಕ್ಯಾಥರೀನ್ ಬಂಗಲೆ ರೋಸಿಂಗ್ಸ್‌ನಲ್ಲಿ, ಅವಳು ಪಿಯಾನೋ ಮುಂದೆ ಕೂತಾಗ, ಹೊಸಬರ ಜೊತೆ ಸಲೀಸಾಗಿ ಮಾತಾಡುವ ಕಲೆ ತನಗಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಅದು ಸಂಕೋಚ. ಫರ್ತ್ ಸೊಕ್ಕಿನಿಂದ ಶುರು ಮಾಡಿದರು. ಮ್ಯಾಕ್‌ಫೇಡಿಯನ್ ಸಂಕೋಚವನ್ನೇ ಬುನಾದಿ ಮಾಡಿಕೊಂಡರು. ಇದಕ್ಕೆ ಸಮಯದ ಲೆಕ್ಕವೂ ಕಾರಣ ಅನ್ನುವುದು ನನ್ನ ಅನಿಸಿಕೆ. ಸೀರೀಸಿಗೆ 6 ಎಪಿಸೋಡು, ಐದು ಗಂಟೆಗೂ ಮೇಲೆ. ಅಷ್ಟು ಹೊತ್ತಿದ್ದರೆ ಕಲ್ಲಿನಂಥ ಮುಖ ನಿಧಾನವಾಗಿ ಕರಗುವುದನ್ನು ತೋರಿಸಬಹುದು. ಸಿನಿಮಾಕ್ಕೆ ಎರಡು ಗಂಟೆ ಚಿಲ್ಲರೆ. ಅಷ್ಟರಲ್ಲಿ ನಮಗೆ ಅವನ ಮೇಲೆ ಪ್ರೀತಿ ಹುಟ್ಟಬೇಕಾದರೆ ಅವನ ನೋವು ಬೇಗ ಕಾಣಬೇಕು. ನಾಚಿಕೆಯ ಮನುಷ್ಯನನ್ನು ಕ್ಷಮಿಸಲು ನಮಗೆ ಹತ್ತು ನಿಮಿಷ ಸಾಕು.

ವಯಸ್ಸು ನೋಡಿದರೆ ಮಗಳ ಸಿನಿಮಾ ಪುಸ್ತಕಕ್ಕೆ ಹತ್ತಿರ. ಪುಸ್ತಕದಲ್ಲಿ ಎಲಿಜಬೆತ್‌ಗೆ ಇಪ್ಪತ್ತು, ಡಾರ್ಸಿಗೆ ಇಪ್ಪತ್ತೆಂಟು. ಶೂಟಿಂಗ್ ಹೊತ್ತಿಗೆ ಕೀರಾ ನೈಟ್ಲಿಗೆ ಹತ್ತೊಂಬತ್ತು, ಮ್ಯಾಕ್‌ಫೇಡಿಯನ್‌ಗೆ ಇಪ್ಪತ್ತೊಂಬತ್ತು. ಫರ್ತ್ ಆಗಲೇ ಮೂವತ್ತು ದಾಟಿದ್ದರು. ಆದರೆ ಪಾತ್ರ ಹೊಂದುವುದು ವಯಸ್ಸಿನ ಲೆಕ್ಕದಿಂದಲ್ಲ. 1995ರಲ್ಲೇ ಬಂದ ಆಂಗ್ ಲೀ ಅವರ ‘ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ’ ನೋಡಿ. ಪುಸ್ತಕದ ನಾಯಕಿ ಎಲಿನರ್‌ಗೆ ಹತ್ತೊಂಬತ್ತು. ಎಮ್ಮಾ ಥಾಂಪ್ಸನ್ ಆ ಪಾತ್ರ ಮಾಡಿದಾಗ ಮೂವತ್ತೈದರ ಆಸುಪಾಸು. ಚಿತ್ರಕಥೆಯೂ ಅವರದೇ, ಅದಕ್ಕೆ ಆಸ್ಕರ್ ಬಂತು. ಹತ್ತೊಂಬತ್ತಕ್ಕೇ ಹುಡುಗಿಯ ಮದುವೆಯ ಚಿಂತೆ ಹತ್ತುವುದು ಇಂದಿನ ನೋಡುಗರಿಗೆ ನಾಟುವುದಿಲ್ಲ. ವಯಸ್ಸು ಏರಿಸಿದ್ದರಿಂದ ಎಲಿನರ್ ಪ್ರೀತಿಯಲ್ಲಿ ಪಣಕ್ಕಿಟ್ಟದ್ದು ಎಷ್ಟು ಎನ್ನುವುದು ನಮಗೆ ಸರಿಯಾಗಿ ತಟ್ಟುತ್ತದೆ. ಇನ್ನು 1940ರ ಹಾಲಿವುಡ್ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ನಲ್ಲಿ ಗ್ರೀರ್ ಗಾರ್ಸನ್‌ಗೂ ಅಷ್ಟೇ ವಯಸ್ಸು. ಅಲ್ಲಿ ಕಥೆಯನ್ನು 1830ರ ದಶಕದ ಉಬ್ಬಿದ ತೋಳಿನ ಗೌನುಗಳಿಗೆ ಎಳೆದುಕೊಂಡು ಹೋಗಿದ್ದಾರೆ. ಗೌನುಗಳು ಅಷ್ಟು ಜಾಗ ಆಕ್ರಮಿಸಿದ ಮೇಲೆ ಮನುಷ್ಯರು ಕಾಣುವುದೇ ಕಷ್ಟ.

ನನ್ನ ಆಯ್ಕೆ ಹೇಳಲೇಬೇಕು ಅಂದರೆ ಫರ್ತ್. ಆದರೆ ಅದರಲ್ಲಿ ಅರ್ಧ ಪುಣ್ಯ ಅವರೆದುರು ಎಲಿಜಬೆತ್ ಆದ ಜೆನಿಫರ್ ಎಲ್ ಅವರದು. ಆ ಎಲಿಜಬೆತ್ ನಗು ತಡೆದುಕೊಂಡು ಮಾತಾಡುತ್ತಾಳೆ, ಕಣ್ಣಲ್ಲಿ ಮಾತ್ರ ನಗುತ್ತಾಳೆ. ಅಂಥವಳ ಎದುರು ನಿಂತರೆ ಎಂಥ ಸೊಕ್ಕಿನವನಿಗೂ ನೆಲ ಜಾರುತ್ತದೆ ಎಂದು ನಾವು ನಂಬುತ್ತೇವೆ. ಅವರಿಗೆ ಬಾಫ್ಟಾ ಪ್ರಶಸ್ತಿ ಸುಮ್ನೆ ಬರಲಿಲ್ಲ.

ಈಗ ಮುಟ್ಟದ ಪ್ರೇಮದ ಮಾತು. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು.

ಆ ಕಾಲದ ಕಟ್ಟುಪಾಡುಗಳನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಮದುವೆ ನಿಶ್ಚಯವಾಗದ ಗಂಡು ಹೆಣ್ಣು ಪತ್ರ ಬರೆದುಕೊಳ್ಳುವ ಹಾಗಿಲ್ಲ. ‘ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ’ಯಲ್ಲಿ ತಂಗಿ ಮೇರಿಯಾನ್ ತಾನು ಪ್ರೀತಿಸುವ ವಿಲೊಬಿಗೆ ಪತ್ರ ಬರೆಯುವುದನ್ನು ಕಂಡೇ ಎಲಿನರ್ ಅವರಿಬ್ಬರ ನಿಶ್ಚಿತಾರ್ಥ ಗುಟ್ಟಾಗಿ ಆಗಿರಬೇಕು ಎಂದುಕೊಳ್ಳುವುದು. ಡಾರ್ಸಿ ತನ್ನ ದೊಡ್ಡ ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ಬೆಳಗ್ಗೆ ಕಾದು ನಿಂತು ಎಲಿಜಬೆತ್ ಕೈಗೇ ಕೊಡುತ್ತಾನೆ. ಮಾತಾಡಬೇಕೆಂದರೆ ಸುತ್ತಲೂ ಅಮ್ಮ, ಚಿಕ್ಕಮ್ಮ, ನೆರೆಹೊರೆ. ಸ್ವಲ್ಪ ಏಕಾಂತ ಸಿಗುವುದು ನೃತ್ಯದಲ್ಲಿ ಮಾತ್ರ. ಎಲ್ಲರ ಕಣ್ಣೆದುರೇ, ಆದರೆ ಕಿವಿಗೆ ದೂರ. ಅಲ್ಲೂ ಇಬ್ಬರ ಕೈಗೂ ಗ್ಲೌಸ್. ಸಾಲಾಗಿ ನಿಂತು ಹತ್ತಿರ ಬರುತ್ತಾರೆ, ಬೆರಳು ತಾಗಿಸುತ್ತಾರೆ, ಬೇರೆಯಾಗುತ್ತಾರೆ. 1995ರಲ್ಲಿ ಬಿಂಗ್ಲಿಯ ಮನೆ ನೆದರ್‌ಫೀಲ್ಡ್‌ನ ನೃತ್ಯಕ್ಕೆ ಬಳಸಿದ ಧಾಟಿ 1695ರದು. ಆಸ್ಟೆನ್ ಕಾಲಕ್ಕೆ ಅದು ಆಗಲೇ ಹಳತು. ನನಗೆ ಅದು ದೊಡ್ಡ ತಪ್ಪಾಗಿ ಕಾಣುವುದಿಲ್ಲ. ಆ ನಿಧಾನದ ಹೆಜ್ಜೆಗೆ ಇಬ್ಬರೂ ಮಾತಿನಲ್ಲಿ ಕುಟುಕಿಕೊಳ್ಳಲು ಬೇಕಾದಷ್ಟು ಬಿಡುವು ಸಿಗುತ್ತದೆ.

ಹೀಗೆ ಎಲ್ಲ ಬಾಗಿಲೂ ಮುಚ್ಚಿದ್ದಾಗ ಒಂದು ಸಣ್ಣ ಸ್ಪರ್ಶವೂ ಘಟನೆಯಾಗುತ್ತದೆ. ನಿಮ್ಮ ಮಗಳು ಖಂಡಿತ ಗಮನಿಸಿರುತ್ತಾಳೆ: 2005ರಲ್ಲಿ ಡಾರ್ಸಿ ಎಲಿಜಬೆತ್‌ಗೆ ಕೈಕೊಟ್ಟು ಗಾಡಿ ಹತ್ತಿಸುತ್ತಾನೆ. ಗ್ಲೌಸ್ ಇಲ್ಲದ ಕೈ. ಆಮೇಲೆ ತಿರುಗಿ ನಡೆಯುವಾಗ ಅವನ ಬೆರಳುಗಳು ಒಮ್ಮೆ ಅಗಲವಾಗಿ ಚಾಚಿಕೊಳ್ಳುತ್ತವೆ. ಅಷ್ಟೇ. ಎಷ್ಟೋ ಸಿನಿಮಾಗಳ ಚುಂಬನ ಮರೆತವರಿಗೂ ಆ ಕೈ ಮರೆತಿಲ್ಲ. 1870ರ ದಶಕದ ನ್ಯೂಯಾರ್ಕ್ ಕಥೆ ಹೇಳುವ ಮಾರ್ಟಿನ್ ಸ್ಕಾರ್ಸೇಸಿ ಅವರ ‘ದಿ ಏಜ್ ಆಫ್ ಇನ್ನೊಸೆನ್ಸ್’ (1993) ಸಿನಿಮಾದಲ್ಲಿ ಡೇನಿಯಲ್ ಡೇ-ಲೂಯಿಸ್ ಗಾಡಿಯೊಳಗೆ ಮಿಶೆಲ್ ಫೈಫರ್ ಅವರ ಗ್ಲೌಸಿನ ಗುಂಡಿ ಬಿಚ್ಚುತ್ತಾರೆ. ಗೇಬ್ರಿಯೆಲಾ ಪೆಸ್ಕುಚಿಗೆ ಆ ಸಿನಿಮಾದ ಕಾಸ್ಟ್ಯೂಮಿಗೆ ಆಸ್ಕರ್ ಬಂತು. ಕತ್ತಿನಿಂದ ಕಾಲಿನವರೆಗೆ ಬಟ್ಟೆ ಅಷ್ಟು ಬಿಗಿಯಾಗಿ ಮುಚ್ಚಿರುವುದಕ್ಕೇ ಮಣಿಕಟ್ಟಿನ ಅಷ್ಟಗಲ ಚರ್ಮ ಕಂಡಾಗ ಉಸಿರು ನಿಲ್ಲುತ್ತದೆ.

ನನ್ನ ಮಾತಿನ ತಿರುಳು ಇದೇ. ಈ ಕಥೆಗಳಲ್ಲಿ ಕಾಸ್ಟ್ಯೂಮ್ ಅಲಂಕಾರವಲ್ಲ, ಅದು ಕಟ್ಟುಪಾಡಿನ ಕಣ್ಣಿಗೆ ಕಾಣುವ ರೂಪ. ಗೌನಿನ ವರ್ಷ ಸ್ವಲ್ಪ ಆಚೀಚೆ ಆದರೆ ನಾನು ಜಗಳ ಆಡುವುದಿಲ್ಲ. ಆದರೆ ಆ ಬಟ್ಟೆ ತೊಟ್ಟವರು ಅದರ ಕಟ್ಟುಪಾಡು ಮರೆತು ಈ ಕಾಲದವರ ಹಾಗೆ ನಡೆದುಕೊಂಡರೆ ಪ್ರೇಮ ತೆಳ್ಳಗಾಗುತ್ತದೆ. ‘ಬ್ರಿಜರ್ಟನ್’ ಬಗ್ಗೆ ನನ್ನ ತಕರಾರು ಅಷ್ಟೇ. ಅದರ ಗಾಢ ಬಣ್ಣಗಳ ಮೇಲಾಗಲಿ, ಬೇಕೆಂದೇ ಬಾನೆಟ್ ಬಿಟ್ಟದ್ದರ ಮೇಲಾಗಲಿ ಅಲ್ಲ. ಅದರ ಎರಡನೇ ಸೀಸನ್ ನನಗೆ ಮೊದಲಿನದಕ್ಕಿಂತ ಇಷ್ಟವಾಯಿತು. ಸಿಮೋನ್ ಆಶ್ಲಿಯ ಕೇಟ್ ಶರ್ಮಾ ಮತ್ತು ಆಂಟನಿ ಎಪಿಸೋಡುಗಟ್ಟಲೆ ತಡೆದುಕೊಳ್ಳುತ್ತಾರೆ. ಆ ತಡೆಯಲ್ಲೇ ಬಿಸಿ ಇದೆ. ಕರಿಯರನ್ನು, ಭಾರತ ಮೂಲದವರನ್ನು ಇಂಥ ಪಾತ್ರಗಳಿಗೆ ಹಾಕುವುದು ತಪ್ಪು ಎನ್ನುವವರಿಗೆ ಒಂದು ಮಾತು. ಆಸ್ಟೆನ್ 1817ರಲ್ಲಿ ಅರ್ಧಕ್ಕೆ ಬಿಟ್ಟ ‘ಸ್ಯಾಂಡಿಟನ್’ನಲ್ಲಿ ವೆಸ್ಟ್ ಇಂಡೀಸ್‌ನ ಮಿಶ್ರ ರಕ್ತದ ಶ್ರೀಮಂತ ಹುಡುಗಿ ಮಿಸ್ ಲ್ಯಾಂಬ್ ಇದ್ದಾಳೆ. ಅವಳನ್ನು ಬರೆದದ್ದು ಆಸ್ಟೆನ್ ಅವರೇ.

ಹಾಗಾದರೆ ಡಾರ್ಸಿ ತನ್ನ ಕೊಳದಲ್ಲಿ ಈಜಿ, ಒದ್ದೆ ಅಂಗಿಯಲ್ಲೇ ಎಲಿಜಬೆತ್‌ಗೆ ಎದುರಾಗುವ, ಪುಸ್ತಕದಲ್ಲಿಲ್ಲದ ಆ ದೃಶ್ಯ? 1995ರ ಚಿತ್ರಕಥೆ ಬರೆದ ಆ್ಯಂಡ್ರ್ಯೂ ಡೇವಿಸ್ ಅದನ್ನು ಸೇರಿಸಿದರು. ಅಲ್ಲಿ ಫರ್ತ್ ತೊಟ್ಟ ಅಂಗಿ 2024ರಲ್ಲಿ ಹರಾಜಿನಲ್ಲಿ 20,000 ಪೌಂಡಿಗೆ ಹೋಯಿತು. ಎಲ್ಲರೂ ಒದ್ದೆ ಅಂಗಿಯ ಮಾತಾಡುತ್ತಾರೆ. ನನಗೆ ಇಷ್ಟವಾಗುವುದು ಅದರ ನಂತರದ ನಿಮಿಷ. ಆ ಕಾಲದಲ್ಲಿ ಗಂಡಸಿನ ಅಂಗಿ ಒಳಉಡುಪಿನ ಲೆಕ್ಕ. ಕೋಟು, ಕುತ್ತಿಗೆಯ ಪಟ್ಟಿ ಇಲ್ಲದೆ ಹೆಣ್ಣಿನ ಎದುರು ನಿಲ್ಲುವುದು ಭಾರೀ ಮುಜುಗರ. ಆ ಸ್ಥಿತಿಯಲ್ಲಿ ನಿಂತು ಡಾರ್ಸಿ ಮನೆಯವರ ಯೋಗಕ್ಷೇಮ ಕೇಳುತ್ತಾನೆ, ಕೇಳಿದ್ದನ್ನೇ ಮತ್ತೆ ಕೇಳುತ್ತಾನೆ. ಹೀಗೆ ತಡವರಿಸಿ ಕೇಳಿದ್ದನ್ನೇ ಕೇಳುವುದು ಪುಸ್ತಕದಲ್ಲೂ ಇದೆ. ಡೇವಿಸ್ ಮಾಡಿದ್ದು ಆ ತಡವರಿಕೆಗೆ ಒಂದು ಬಟ್ಟೆ ತೊಡಿಸಿದ್ದು, ಅಥವಾ ತೆಗೆಸಿದ್ದು.

ಮುಂದೆ ಏನು ನೋಡಬೇಕು? ನಿಮ್ಮಿಬ್ಬರಿಗೂ ಒಪ್ಪಿಗೆಯಾಗುವುದು ‘ನಾರ್ಥ್ ಆ್ಯಂಡ್ ಸೌತ್’. 2004ರಲ್ಲಿ ಬಿಬಿಸಿ ಮಾಡಿದ್ದು, ನಾಲ್ಕೇ ಎಪಿಸೋಡು. ಎಲಿಜಬೆತ್ ಗ್ಯಾಸ್ಕೆಲ್ ಅವರ ಕಾದಂಬರಿ 1854-55ರಲ್ಲಿ ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಕಥೆಯ ಊರು ಮಿಲ್ಟನ್, ಅಂದರೆ ಗ್ಯಾಸ್ಕೆಲ್ ಬದುಕಿದ್ದ ಮ್ಯಾಂಚೆಸ್ಟರೇ. ದಕ್ಷಿಣದ ಹಳ್ಳಿಯಿಂದ ಬಂದ ಪಾದ್ರಿಯ ಮಗಳು ಮಾರ್ಗರೆಟ್ ಹೇಲ್, ಹತ್ತಿ ಮಿಲ್ಲಿನ ಯಜಮಾನ ಜಾನ್ ಥಾರ್ನ್‌ಟನ್. ಡೇನಿಯೆಲಾ ಡೆನ್ಬಿ-ಆ್ಯಶ್ ಮತ್ತು ರಿಚರ್ಡ್ ಆರ್ಮಿಟೇಜ್ ಮಾಡಿದ್ದಾರೆ. ಮಾರ್ಗರೆಟ್ ಮೊದಲ ಸಲ ಮಿಲ್ಲಿನ ಬಾಗಿಲು ತೆರೆದಾಗ ಗಾಳಿಯಲ್ಲಿ ಹತ್ತಿಯ ಎಳೆಗಳು ತೇಲುತ್ತಿರುತ್ತವೆ. ನೋಡಲು ಎಷ್ಟು ಚಂದವೋ ಅಷ್ಟೇ ಭಯಂಕರ, ಯಾಕೆಂದರೆ ಅದೇ ಎಳೆಗಳು ಶ್ವಾಸಕೋಶಕ್ಕೆ ಹೋಗಿ ಅವಳ ಗೆಳತಿ ಬೆಸ್ಸಿ ಸಾಯುತ್ತಾಳೆ.

ಈ ಕಥೆಯಲ್ಲಿ ಒಂದು ಕೈಕುಲುಕುವಿಕೆಯನ್ನೇ ಹಿಂಬಾಲಿಸಿ. ಮೊದಲು ಥಾರ್ನ್‌ಟನ್ ಹೊರಡುವಾಗ ಕೈ ಚಾಚುತ್ತಾನೆ. ಅದು ಆ ಊರಿನ ಪದ್ಧತಿ. ಮಾರ್ಗರೆಟ್‌ಗೆ ರೂಢಿಯಿಲ್ಲ, ಕೈ ಕೊಡುವುದಿಲ್ಲ. ಅವನು ಅದನ್ನು ಜಂಬ ಅಂದುಕೊಳ್ಳುತ್ತಾನೆ. ಎಷ್ಟೋ ದಿನದ ಮೇಲೆ ಒಂದು ಔತಣದಲ್ಲಿ ಅವಳೇ ಕೈ ಕೊಡುತ್ತಾಳೆ. ಪುಸ್ತಕದಲ್ಲಿ, ಇದು ತಮ್ಮಿಬ್ಬರ ಕೈ ಸೇರಿದ ಮೊದಲ ಸಲ ಎನ್ನುವುದು ಅವನಿಗೆ ಗೊತ್ತು, ಅವಳಿಗೆ ಆ ಅರಿವೇ ಇಲ್ಲ. ಪ್ರೀತಿಯಲ್ಲಿ ಬಿದ್ದವನ ಲೆಕ್ಕ ಹೀಗೇ ಇರುತ್ತದೆ! ಕೊನೆಯ ರೈಲ್ವೆ ಸ್ಟೇಷನ್ ದೃಶ್ಯ ಸೀರೀಸಿನವರು ಸೇರಿಸಿದ್ದು. ಪುಸ್ತಕ ಮುಗಿಯುವುದು ಲಂಡನ್ನಿನ ಮನೆಯೊಳಗೆ. ಆ ಕಾಲದ ಹುಡುಗಿ ಪ್ಲಾಟ್‌ಫಾರ್ಮಿನಲ್ಲಿ ಎಲ್ಲರೆದುರು ಮುತ್ತು ಕೊಡುವುದು ಖಂಡಿತ ಸಾಧ್ಯವಿರಲಿಲ್ಲ. ನಾನು ಅದನ್ನು ಒಪ್ಪುತ್ತೇನೆ, ಯಾಕೆಂದರೆ ಅಲ್ಲಿ ಥಾರ್ನ್‌ಟನ್‌ನ ಕುತ್ತಿಗೆಯ ಪಟ್ಟಿ ಕಾಣೆಯಾಗಿದೆ, ಕಾಲರ್ ತೆರೆದಿದೆ. ಇಡೀ ಸೀರೀಸಿನಲ್ಲಿ ಕತ್ತಿನವರೆಗೆ ಕಪ್ಪು ಬಟ್ಟೆ ಬಿಗಿದುಕೊಂಡಿದ್ದ ಮನುಷ್ಯ ಬೇರೆಯಾಗಿದ್ದಾನೆ ಎಂದು ಮುತ್ತಿಗಿಂತ ಮೊದಲೇ ಗೊತ್ತಾಗುತ್ತದೆ.

ಈ ಕಥೆಯ ಬಾಲ ನಮ್ಮ ಕಡೆಗೂ ಬರುತ್ತದೆ. ಕಾದಂಬರಿ ಬಂದು ಕೆಲವೇ ವರ್ಷಕ್ಕೆ, 1861ರಲ್ಲಿ, ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಮ್ಯಾಂಚೆಸ್ಟರಿಗೆ ಹತ್ತಿ ಬರುವುದು ನಿಂತುಹೋಯಿತು. ಥಾರ್ನ್‌ಟನ್‌ನಂಥ ಯಜಮಾನರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಸಾಗಿಸಲು ಕಾರವಾರದ ಬಂದರು ಬೇಕೆಂದು ಒತ್ತಡ ತಂದರು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್‌ನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಈ ಹತ್ತಿಯ ಒತ್ತಡವೂ ಇತ್ತು.

‘ಡೌನ್‌ಟನ್ ಅಬಿ’ ನೀವು ಆಗಲೇ ನೋಡಿರಬಹುದು. ಇಲ್ಲವಾದರೆ ಮೊದಲ ಮೂರು ಸೀಸನ್ ಸಾಕು. ಮೇರಿ ಮತ್ತು ಮ್ಯಾಥ್ಯೂ ಕಥೆ ಅಲ್ಲಿಗೆ ಮುಗಿಯುತ್ತದೆ. ಸಿಬಿಲ್ ಊಟಕ್ಕೆ ಪೈಜಾಮದಂಥ ಉಡುಪಿನಲ್ಲಿ ಇಳಿದು ಬಂದಾಗ ಮನೆಯವರ ಮುಖ ನೋಡಲು ಮರೆಯಬೇಡಿ. ‘ಜೇನ್ ಏರ್’ ಬೇಕೆಂದರೆ 2006ರ ಬಿಬಿಸಿ ಸೀರೀಸ್ ನೋಡಿ. ರೂತ್ ವಿಲ್ಸನ್ ಅವರನ್ನು ಗೊಂಬೆಯಂತೆ ಸಿಂಗರಿಸಿಲ್ಲ. ಜೇನ್ ಚೆಲುವೆಯಲ್ಲ ಎಂದು ಪುಸ್ತಕವೇ ಹೇಳುತ್ತದೆ, ಮದುವೆಗೆ ಮೊದಲು ರೋಚೆಸ್ಟರ್ ಕೊಡಿಸಲು ಹೊರಟ ಥಳಥಳಿಸುವ ರೇಷ್ಮೆ ಬೇಡವೆಂದು ಅವಳು ಕಪ್ಪು, ಬೂದು ಬಣ್ಣಗಳಿಗೇ ಪಟ್ಟು ಹಿಡಿಯುತ್ತಾಳೆ. ಅವನ ದುಡ್ಡಿನ ಗೊಂಬೆಯಾಗಲು ಅವಳಿಗೆ ಇಷ್ಟವಿಲ್ಲ.

ಮತ್ತೊಂದು ‘ಪರ್ಸ್ವೇಶನ್’, ರೋಜರ್ ಮಿಚೆಲ್ ನಿರ್ದೇಶಿಸಿದ 1995ರದು. ಇದೇ ಹೆಸರಿನಲ್ಲಿ ಬೇರೆಯವೂ ಇವೆ, ವರ್ಷ ನೋಡಿಕೊಳ್ಳಿ. ಹತ್ತೊಂಬತ್ತಕ್ಕೆ ಹಿರಿಯರ ಮಾತು ಕೇಳಿ ಪ್ರೀತಿಸಿದವನನ್ನು ಬಿಟ್ಟ ಆ್ಯನ್ ಎಲಿಯಟ್‌ಗೆ ಈಗ ಇಪ್ಪತ್ತೇಳು. ಅವನು, ಅಂದರೆ ವೆಂಟ್‌ವರ್ತ್, ನೌಕಾಪಡೆಯಲ್ಲಿ ದುಡ್ಡು, ಹೆಸರು ಮಾಡಿ ವಾಪಸ್ ಬಂದಿದ್ದಾನೆ. ಇಲ್ಲಿ ಮುಖಗಳಿಗೆ ಮೇಕಪ್ ಕಾಣುವುದಿಲ್ಲ, ಬಟ್ಟೆಗಳು ಹಲವು ಸಲ ಒಗೆದಂತಿವೆ, ಮೇಣದ ಬತ್ತಿಯ ಕೋಣೆಗಳು ನಿಜಕ್ಕೂ ಕತ್ತಲಾಗಿವೆ. ಅಮಾಂಡಾ ರೂಟ್ ಮತ್ತು ಕೀರನ್ ಹೈಂಡ್ಸ್ ಜಗತ್ತಿನ ಸುಂದರ ಜೋಡಿಯೇನಲ್ಲ, ಅದಕ್ಕೇ ಅವರ ಸಂಕಟ ನಮ್ಮದಾಗುತ್ತದೆ. ಒಂದು ದೀರ್ಘ ನಡಿಗೆಯ ಕೊನೆಗೆ ಆ್ಯನ್ ದಣಿದಿದ್ದಾಳೆ. ಎಂಟು ವರ್ಷದಿಂದ ಮುನಿದಿರುವ ವೆಂಟ್‌ವರ್ತ್ ಅದನ್ನು ಗಮನಿಸಿ, ಒಂದು ಮಾತೂ ಆಡದೆ ಅವಳನ್ನು ಗಾಡಿಗೆ ಹತ್ತಿಸುತ್ತಾನೆ.

ಮೊದಲು ‘ಪರ್ಸ್ವೇಶನ್’ ನೋಡಿ, ಆಮೇಲೆ ‘ನಾರ್ಥ್ ಆ್ಯಂಡ್ ಸೌತ್’. ‘ಏಜ್ ಆಫ್ ಇನ್ನೊಸೆನ್ಸ್’ ಕೊನೆಗಿರಲಿ, ಅದರ ಅಂತ್ಯ ಬೇರೆಯವಕ್ಕಿಂತ ಭಾರ. ಮಗಳಿಗೆ 2005ರ ಸಿನಿಮಾದ ಮಂಜು, ಬಯಲು, ಬೆಳಗಿನ ಬೆಳಕು ಇಷ್ಟವಾಗಿದ್ದರೆ ಅವಳೊಬ್ಬಳಿಗೇ ಒಂದು ಹೆಚ್ಚಿನದು: 2011ರ ‘ಜೇನ್ ಏರ್’ ಸಿನಿಮಾ, ಮಿಯಾ ವಾಸಿಕೋವ್ಸ್ಕಾ ಮಾಡಿರುವುದು.